ಹದಿನೆಂಟನೆಯವನು

ಜೂನ್ ೧೩, ಶುಕ್ರವಾರ

ಈ ಪುಸ್ತಕ ನಮ್ಮ ರಗ್ಬಿ ಕ್ಲಬ್ಬಿನವರು ಕೊಟ್ಟದ್ದು. ಎಷ್ಟು ಗಂಟೆ ನಿದ್ದೆ, ಎಷ್ಟು ತೂಕ, ಎಲ್ಲಿ ನೋವು ಎಂದು ದಿನವೂ ತುಂಬಲು ಮೂರು ಕಂಬಸಾಲುಗಳಿವೆ. ಇವತ್ತು ಅವುಗಳ ಗೆರೆ ದಾಟಿ ಬರೆಯುತ್ತಿದ್ದೇನೆ. ಯಾರೂ ತೆರೆದು ನೋಡುವುದಿಲ್ಲವೆಂದು ಹದಿನೈದು ವರ್ಷಗಳಲ್ಲಿ ತಿಳಿದಿದೆ.

ಭಾನುವಾರದ ತಂಡದ ಪಟ್ಟಿಯನ್ನು ಬೆಳಿಗ್ಗೆ ಅಂಟಿಸಿದರು. ಹದಿನೇಳು ಹೆಸರು. ಅವುಗಳ ಕೆಳಗೆ ಸ್ವಲ್ಪ ಜಾಗ ಬಿಟ್ಟು, ೧೮: ಗಾರ್ಸೈಡ್.

ಹದಿನೆಂಟನೆಯವನೆಂದರೆ ತಂಡದ ಜೊತೆ ಬಸ್ಸಿನಲ್ಲಿ ಹೋಗುವವನು, ಮೈ ಬಿಸಿ ಮಾಡಿಕೊಳ್ಳುವವನು, ಆಮೇಲೆ ಆಟ ಶುರುವಾದಾಗ ಕೋಟು ಹಾಕಿಕೊಂಡು ನೀರು ಹೊರುವವನು. ಒಂದೇ ಪಂದ್ಯದಲ್ಲಿ ನಮ್ಮವರು ಮೂವರು ತಲೆಪೆಟ್ಟಿನ ಪರೀಕ್ಷೆಯಲ್ಲಿ ಫೇಲಾದರೆ ಮಾತ್ರ ಅವನು ಒಳಗೆ ಕಾಲಿಡಬಹುದು. ಮಂಡಿ ಮುರಿದರೆ, ಭುಜ ಕಳಚಿದರೆ ಇಲ್ಲ. ತಲೆಯೇ ಆಗಬೇಕು. ಮೂರು ತಲೆ.

ಈ ಕ್ಲಬ್ಬಿಗೆ ನಾನು ಆಡಿದ ಪಂದ್ಯ ಇನ್ನೂರ ತೊಂಬತ್ತೊಂಬತ್ತು. ನೀರು ಹೊತ್ತ ಪಂದ್ಯ ಲೆಕ್ಕಕ್ಕಿಲ್ಲ.

ಕೋಚ್ ಹ್ಯಾನಿಗನ್ ಮೆಟ್ಟಿಲ ಬಳಿ ಸಿಕ್ಕ. ಆಸ್ಟ್ರೇಲಿಯದವನು. ಇಲ್ಲಿ ನಾಲ್ಕು ವರ್ಷವಾದರೂ ಜೂನ್ ತಿಂಗಳಲ್ಲೂ ಚಳಿಯೆಂದು ಉಣ್ಣೆ ಟೋಪಿ ಹಾಕುತ್ತಾನೆ. "ಬೇಜಾರು ಮಾಡ್ಕೋಬೇಡ ಗಾರ್ಸಿ. ಒಂದೆರಡು ವಾರ. ಕಾಲಿಗೂ ರೆಸ್ಟು," ಎಂದ.

ಕಾಲು ಚೆನ್ನಾಗಿಯೇ ಇದೆ ಎಂದು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅವನು ಇಳಿದು ಹೋಗಿದ್ದ.

ಜೂನ್ ೧೫, ಭಾನುವಾರ

ಬೆರಳುಗಳಿಗೆ ಟೇಪು ಸುತ್ತಿಕೊಂಡೆ. ಅಭ್ಯಾಸ. ಎರಡೂವರೆಗೆ ಎಲ್ಲರ ಜೊತೆ ಓಡಿದೆ, ಗುದ್ದುವ ಚೀಲಕ್ಕೆ ಭುಜ ಕೊಟ್ಟೆ, ಬೆವರಿದೆ. ಮೂರು ಗಂಟೆಗೆ ಅವರು ಸುರಂಗದ ಬಾಯಿಂದ ಮೈದಾನಕ್ಕೆ ಹೋದರು. ನಾನು ಎಡಕ್ಕೆ ತಿರುಗಿ ಕೋಟು ತೊಟ್ಟೆ.

ಹಳೆಯ ಸ್ಟ್ಯಾಂಡಿನಲ್ಲಿ ಮುನ್ನೂರರ ಸಾಲು ನಮ್ಮ ಬೆಂಚಿನ ನೇರ ಹಿಂದಿದೆ. ಮುನ್ನೂರು ಪಂದ್ಯ ಆಡಿದವರಿಗೆ ಸಾಯುವ ತನಕ ಅಲ್ಲೊಂದು ಕುರ್ಚಿ. ಹತ್ತು ಕುರ್ಚಿಗಳಲ್ಲಿ ಈಗ ನಾಲ್ವರು. ಕಾಲ ಮೇಲೆ ಕಂಬಳಿ, ನಡುವೆ ಚಹದ ಫ್ಲಾಸ್ಕು. ಆ ಮೆಟ್ಟಿಲನ್ನು ಕ್ಲಬ್ಬಿನ ಅಧ್ಯಕ್ಷನೂ ಕೇಳದೆ ಹತ್ತುವುದಿಲ್ಲ. ತುದಿಯಲ್ಲಿ ಕೂರುವ ವಿಲ್ಫ್ ಓಲ್ಡ್‌ರಾಯ್ಡ್ ಐದೈದು ನಿಮಿಷಕ್ಕೆ ಸ್ಕೋರ್ ಕೇಳುತ್ತಾನೆ. ಪಕ್ಕದ ಟ್ರೆವರ್ ಹಿರ್ಸ್ಟ್ ಪ್ರತಿ ಸಲವೂ ಹೊಸ ಸುದ್ದಿಯೆಂಬಂತೆ ಹೇಳುತ್ತಾನೆ.

ಟ್ರೆವರ್ ನನ್ನನ್ನು ನೋಡಿ ಕೂಗಿದ: "ಏನೋ ಗಾರ್ಸೈಡ್, ನೀರು ಹೊರೋಕೆ ಶುರು ಮಾಡಿದ್ಯಂತೆ. ಕೊಡಪಾನ ಸೊಂಟದ ಮೇಲಿಟ್ಕೋ, ಚೆಂದ ಕಾಣುತ್ತೆ."

ಸಾಲಿನವರೆಲ್ಲ ನಕ್ಕರು. ವಿಲ್ಫ್ ಎಲ್ಲರಿಗಿಂತ ಹೆಚ್ಚು ಹೊತ್ತು ನಕ್ಕ.

ಸೋತೆವು. ಯಾರ ತಲೆಗೂ ಏನೂ ಆಗಲಿಲ್ಲ.

ಜೂನ್ ೧೭, ಮಂಗಳವಾರ

ಬೆಳಿಗ್ಗೆ ಎಂಟಕ್ಕೆ ಕೀರನ್ ಟೆಟ್ಲಿಯನ್ನು ಅವನ ಮನೆ ಬಾಗಿಲಿಂದ ಕಾರಿಗೆ ಹತ್ತಿಸಿಕೊಳ್ಳುತ್ತೇನೆ. ಏಳು ವರ್ಷದ ವಾಡಿಕೆ. ಹತ್ತೊಂಬತ್ತನೇ ವಯಸ್ಸಿಗೆ ಕ್ಲಬ್ಬಿಗೆ ಬಂದಾಗ ಅವನಿಗೆ ಬೀಳಲು ಬರುತ್ತಿರಲಿಲ್ಲ. ಓಡಿ ಬರುವವನನ್ನು ಕೆಡವುವಾಗ ತಲೆಯನ್ನು ಅವನ ಸೊಂಟದ ಹಿಂದಿಡಬೇಕು, ಮುಂದಲ್ಲ ಎಂದು ಹೇಳಿಕೊಟ್ಟವನು ನಾನು. ಒಂದು ಚಳಿಗಾಲವಿಡೀ ಜಿಮ್ಮಿನ ಚಾಪೆಯ ಮೇಲೆ ನಾನೇ ಓಡಿ ಬರುತ್ತಿದ್ದೆ, ಅವನು ಕೆಡವುತ್ತಿದ್ದ. ಈಗ ಅವನು ನಮ್ಮಲ್ಲಿ ಎಲ್ಲರಿಗಿಂತ ಒಳ್ಳೆಯ ಪ್ರಾಪ್, ಎರಡೂ ತಂಡದವರು ತಲೆ ತಗ್ಗಿಸಿ ಭುಜ ಕೊಟ್ಟು ತಳ್ಳಾಡುವ ಸ್ಕ್ರಮ್ಮಿನ ಮುಂದಿನ ಸಾಲಿನ ಕಂಬ. ನನ್ನ ಜಾಗದಲ್ಲಿ ಆಡುತ್ತಾನೆ. ಇದನ್ನು ನಾವಿಬ್ಬರೂ ಮಾತಾಡಿಲ್ಲ.

"ನಿಂಗೆ ಒಂದೇ ಒಂದು ಪಂದ್ಯ ಕೊಡೋಕೆ ಆ ಕಾಂಗರೂಗೆ ಏನು ಕಷ್ಟ?" ಎಂದ ಇವತ್ತು.

"ನೀನು ಒಂದು ವಾರ ಜ್ವರ ಅಂತ ಮಲಗು."

"ಮಲಗ್ತೀನಿ ಗುರೂ. ಆದ್ರೆ ನಮ್ಮಮ್ಮ ಟಿಕೆಟ್ ತಗೊಂಡಾಗಿದೆ. ಅವಳಿಗೆ ನೀನು ಹೇಳ್ತೀಯಾ?"

ದಿನದಲ್ಲಿ ನಾನು ಆಡುವ ಮಾತುಗಳಲ್ಲಿ ಹೆಚ್ಚಿನವು ಆ ಕಾರಿನೊಳಗೆ ಮುಗಿಯುತ್ತವೆ. ಮನೆಗೆ ಬಂದರೆ ಕೆಟಲಿನ ಸದ್ದು. ಹೆಂಡತಿ ಜನೀನ್ ಹೋಗಿ ಎರಡು ಚಳಿಗಾಲ ಆಯಿತು. ಅವಳ ಕುರ್ಚಿಯನ್ನು ಕಿಟಕಿಯ ಕಡೆ ತಿರುಗಿಸಿಟ್ಟಿದ್ದೇನೆ, ಯಾರೋ ಹೊರಗೆ ನೋಡುತ್ತಿರುವಂತೆ.

ಜೂನ್ ೨೯, ಭಾನುವಾರ

ಹಂಬರ್ ನದಿಯ ಕಡೆ ಪಂದ್ಯ. ಇಪ್ಪತ್ತನೇ ನಿಮಿಷಕ್ಕೆ ನಮ್ಮ ಡೀನ್ ಮೊಣಕೈಗೆ ತಲೆ ಕೊಟ್ಟು ಬಿದ್ದ. ತಂಡದ ವೈದ್ಯರು ಡಾ. ಮಿರ್ ಅವನನ್ನು ಒಳಗೆ ಕರೆದುಕೊಂಡು ಹೋದರು. ಹದಿನೈದು ನಿಮಿಷದ ಪರೀಕ್ಷೆ: ತಿಂಗಳು ಹೇಳು, ಪದಗಳನ್ನು ತಿರುಗಿ ಹೇಳು, ಒಂಟಿ ಕಾಲಲ್ಲಿ ನಿಲ್ಲು. ಹೊರಬಂದು ತಲೆ ಅಲ್ಲಾಡಿಸಿದರು. ಫೇಲು.

ಜರ್ಸಿಗಳನ್ನು ನೋಡಿಕೊಳ್ಳುವ ಸ್ಟ್ಯಾನ್ ನನ್ನ ಮೊಣಕಾಲು ತಟ್ಟಿ, "ಕೋಟು ಬಿಚ್ಚಿ ಕೂತಿದ್ಯಲ್ಲಯ್ಯಾ. ಸೆಖೆನಾ?" ಎಂದ.

ನೋಡಿದರೆ ಕೋಟು ತೊಡೆಯ ಮೇಲಿತ್ತು. ಹನಿ ಮಳೆ ಬೀಳುತ್ತಿತ್ತು.

ಜುಲೈ ೬, ಭಾನುವಾರ

ಈಗ ಬೆಂಚಿನಲ್ಲಿ ಡಾ. ಮಿರ್ ಪಕ್ಕ ಕೂರುತ್ತೇನೆ. ಅಲ್ಲಿಂದ ಮೈದಾನ ಪೂರ್ತಿ ಕಾಣುತ್ತದೆ.

ಅವರ ಮುಂದೆ ಪುಟ್ಟ ಪರದೆ ಇರುತ್ತದೆ. ಆದರೆ ಪರದೆ ಚೆಂಡನ್ನು ಹಿಂಬಾಲಿಸುತ್ತದೆ. ಪೆಟ್ಟು ತಿಂದವನು ಚೆಂಡು ಹೋದ ಮೇಲೆ ಏಳುತ್ತಾನೆ, ಆಗ ಅವನನ್ನು ಯಾರೂ ನೋಡುತ್ತಿರುವುದಿಲ್ಲ. ಏಳುವಾಗ ಹುಲ್ಲಿನ ಮೇಲೆ ಅಂಗೈ ಊರಿದರೆ ಸರಿ, ಮುಷ್ಟಿ ಊರಿದರೆ ಸರಿಯಿಲ್ಲ. ಸಾಲಿಗೆ ಮರಳುವಾಗ ಪಕ್ಕದವನನ್ನು ನೋಡಿ ಜಾಗ ಹುಡುಕಿಕೊಂಡರೆ ಸರಿಯಿಲ್ಲ. ಇವನ್ನೆಲ್ಲ ಯಾರೂ ನನಗೆ ಕಲಿಸಿಲ್ಲ. ನನಗೇ ಎಷ್ಟೋ ಸಲ ಹಾಗಾಗಿದೆ.

ಎರಡನೇ ಅರ್ಧದಲ್ಲಿ ಸ್ಕ್ರಮ್ಮಿನ ನಡುವೆ ನಿಂತು ಕಾಲಿಂದ ಚೆಂಡು ಎಳೆಯುವ ನಮ್ಮ ಹೂಕರ್ ಲಾಕ್‌ವುಡ್ ಮುಷ್ಟಿ ಊರಿ ಎದ್ದ. ಹೇಳಿದೆ. ಕರೆಸಿ ಪರೀಕ್ಷಿಸಿದರು. ಫೇಲು.

"ನಿಮ್ಮ ಕಣ್ಣು ನನ್ನ ಮಷೀನಿಗಿಂತ ಚೆನ್ನಾಗಿದೆ," ಎಂದರು ಡಾಕ್ಟರ್. "ಈ ಕೆಲಸಕ್ಕೆ ಬಂದ್ಬಿಡಿ. ಬ್ರಾಡ್‌ಫರ್ಡಿನಲ್ಲಿ ಇದನ್ನ ಕಲಿಸೋ ಕಾಲೇಜಿದೆ."

ಸಂತೋಷವಾಯಿತು. ಯಾರಾದರೂ ನೋಡಿಕೊಳ್ಳಬೇಕಲ್ಲ ಇವರನ್ನು.

ಜುಲೈ ೧೩, ಭಾನುವಾರ

ಎರಡು.

ಒಬ್ಬನನ್ನು ಡಾಕ್ಟರೇ ಕಂಡರು. ಇನ್ನೊಬ್ಬನನ್ನು ನಾನು ತೋರಿಸಿದೆ. ಐವತ್ತೈದನೇ ನಿಮಿಷಕ್ಕೇ ಎರಡು ಆಗಿತ್ತು. ಉಳಿದ ಇಪ್ಪತ್ತೈದು ನಿಮಿಷ ನಾನು ಮೈದಾನದ ಅಂಚಿನ ಗೆರೆಯ ಮೇಲೆ ನಿಂತೇ ಇದ್ದೆ. ಕಾಲು ಬಿಸಿಯಾಗಿರಲಿ ಎಂದು ಹಿಂದೆ ಮುಂದೆ ಓಡಿದೆ. ಎಲ್ಲರನ್ನೂ ನೋಡಿದೆ, ಒಬ್ಬೊಬ್ಬರನ್ನೂ.

ಗೆದ್ದೆವು. ಬಟ್ಟೆ ಬದಲಿಸುವ ಕೋಣೆಯಲ್ಲಿ ಹಾಡು. ನಾನು ಒಳಗೆ ಬಂದಾಗ ಡೀನ್ ಎರಡೂ ತೋಳು ಚಾಚಿ, ಕುತ್ತಿಗೆ ಮುಂದೆ ಹಾಕಿ, ಬೆಂಚಿನ ಮೇಲೆ ನಿಧಾನವಾಗಿ ಸುತ್ತಿದ.

"ಬಂತಪ್ಪಾ ಹದ್ದು. ಮಲಗಬೇಡ್ರೋ ಯಾರೂ. ಅಲ್ಲಾಡ್ತಾ ಇರಿ."

ನಕ್ಕೆ. ನಗದಿದ್ದರೆ ಆ ಹೆಸರು ಅಂಟಿಕೊಳ್ಳುತ್ತದೆ. ನಕ್ಕರೂ ಅಂಟಿಕೊಳ್ಳುತ್ತದೆ.

ಜುಲೈ ೧೫, ಮಂಗಳವಾರ

ಕಾರಿನಲ್ಲಿ ಕೀರನ್ ಗುಟ್ಟು ಬಿಚ್ಚಿದ. ಬೆಟ್ಟದ ಆಚೆಯ ದೊಡ್ಡ ಕ್ಲಬ್ಬಿನವರು ಅವನ ಮೇಲೆ ಕಣ್ಣಿಟ್ಟಿದ್ದಾರೆ. ಆಗಸ್ಟ್ ಹತ್ತರ ಪಂದ್ಯಕ್ಕೆ ಅವರ ಮನುಷ್ಯ ಬರುತ್ತಾನೆ, ಕೊನೆಯ ವಾರಗಳಲ್ಲಿ ಇನ್ನೊಮ್ಮೆ ಬರುತ್ತಾನೆ.

"ನಮ್ಮ ಹಳೇ ವೈರಿಗಳ ಲ್ಯಾಂಕಾಶೈರಿಗೆ ಹೋಗ್ತೀಯಾ? ನಿಮ್ಮಮ್ಮ ಮಾತು ಬಿಡ್ತಾಳೆ."

"ಬಿಟ್ಟಾಗಿದೆ. ಎರಡು ದಿನದಿಂದ ತಟ್ಟೆ ಕುಕ್ಕಿ ಬಡಿಸ್ತಾಳೆ." ಸ್ವಲ್ಪ ದೂರ ಹೋದ ಮೇಲೆ, "ಗಾರ್ಸಿ, ನನ್ನನ್ನ ನೋಡ್ಬೇಡ ಆವತ್ತು," ಎಂದ.

"ಏನು?"

"ತಮಾಷೆಗಂದೆ ಕಣೋ."

ಜುಲೈ ೨೭, ಭಾನುವಾರ

ಯಾರಿಗೂ ಏನೂ ಆಗಲಿಲ್ಲ. ವ್ಯರ್ಥವಾದ ಭಾನುವಾರ.

ಆಗಸ್ಟ್ ೪, ಸೋಮವಾರ

ಹ್ಯಾನಿಗನ್ ಕರೆಸಿದ. ಮುಂದಿನ ವರ್ಷಕ್ಕೆ ನಾನು ಬೇಡ. ನಿರೀಕ್ಷಿಸಿದ್ದೆ, ಆದರೂ ಕೇಳಿಸಿಕೊಳ್ಳುವಾಗ ಅವನ ಮೇಜಿನ ಮೇಲಿದ್ದ ಟೋಪಿಯನ್ನೇ ನೋಡುತ್ತಿದ್ದೆ.

"ಆರು ಪಂದ್ಯ ಉಳಿದಿವೆ. ಒಂದು ಕೊಡಿ," ಎಂದೆ. ಈ ಕ್ಲಬ್ಬಿನಲ್ಲಿ ನಾನು ಬಾಯಿಬಿಟ್ಟು ಏನನ್ನಾದರೂ ಕೇಳಿದ್ದು ಇದೇ ಮೊದಲು.

"ನಾಲ್ಕರಲ್ಲಿ ಗೆಲ್ಲದಿದ್ರೆ ಕೆಳಗಿನ ದರ್ಜೆಗೆ ಬೀಳ್ತೀವಿ. ಹದಿನೇಳು ಜನದಲ್ಲಿ ಒಂದು ಜಾಗ ನೆನಪಿಗೋಸ್ಕರ ಕೊಡೋಕಾಗಲ್ಲ. ನಾನು ಮ್ಯೂಸಿಯಂ ನಡೆಸ್ತಿಲ್ಲ ಗಾರ್ಸಿ."

"ಹತ್ತು ನಿಮಿಷ ಸಾಕು."

"ಆ ಸಾಲಿನಲ್ಲಿ ಏನಿದೆ? ನಾಲ್ಕು ಜನ ಮುದುಕರು."

ಭಾನುವಾರ ಮಧ್ಯಾಹ್ನ ಎರಡಕ್ಕೆ ಕೋಟು ಹಾಕಿಕೊಂಡು ಹೊರಟರೆ, ಅಲ್ಲಿ ಯಾರೋ ಪಕ್ಕದ ಕುರ್ಚಿಯ ಮೇಲಿನ ಕಂಬಳಿ ಎತ್ತಿ ಜಾಗ ಬಿಡುತ್ತಾರೆ. ಅಷ್ಟೇ. ಅದನ್ನು ಒಬ್ಬ ಕೋಚಿಗೆ ಹೇಳುವುದು ಹೇಗೆ.

ಆಗಸ್ಟ್ ೧೦, ಭಾನುವಾರ

ಹೇಗೆ ನಡೆಯಿತೋ ಹಾಗೆ ಬರೆದಿಡುತ್ತೇನೆ.

ನಮ್ಮ ಮೈದಾನ, ಒಣ ನೆಲ. ಹದಿನೆಂಟನೇ ನಿಮಿಷಕ್ಕೆ ಒಂದು. ಎದುರಾಳಿಯ ಭುಜ ತಾಗಿ ಡೀನ್. ಮೂವತ್ತೆಂಟಕ್ಕೆ ಎರಡು, ಲಾಕ್‌ವುಡ್. ಅವನನ್ನು ಒಳಗೆ ಕರೆದುಕೊಂಡು ಹೋದ ಡಾಕ್ಟರ್ ಎರಡನೇ ಅರ್ಧ ಶುರುವಾದಾಗಲೂ ಬಂದಿರಲಿಲ್ಲ. ಅಷ್ಟರಲ್ಲಿ ಬೆಂಚಿನವರೆಲ್ಲ ನನ್ನ ಕಡೆ ತಿರುಗಿದ್ದರು. ಐಸ್ ಚೀಲ ಹಿಡಿದು ಕೂತಿದ್ದ ಡೀನ್ ಮತ್ತೆ ತೋಳು ಚಾಚಿ ತೋರಿಸಿದ. ಸ್ಟ್ಯಾನ್, "ಇನ್ನೊಂದೇ ಇನ್ನೊಂದು ಕಣಯ್ಯಾ, ಹಾರ್ತಾ ಇರು," ಎಂದ. ಹಿಂದಿನ ಸಾಲಿನಿಂದ ಟ್ರೆವರ್ ಕೂಡ ನಕ್ಕ.

ನಲವತ್ತೊಂದನೇ ನಿಮಿಷ. ಅವರ ದೊಡ್ಡ ಫಾರ್ವರ್ಡ್ ಒಬ್ಬ ಚೆಂಡು ಹಿಡಿದು ನೇರ ಬಂದ. ಕೀರನ್ ಕೆಡವಿದ. ತಲೆ ಸೊಂಟದ ಮುಂದಿತ್ತು. ಮೂಳೆಗೆ ಮೂಳೆ ತಾಗುವ ಸದ್ದು ಗೆರೆಯ ತನಕ ಬರುವುದಿಲ್ಲ, ಆದರೆ ನನಗೆ ಕೇಳಿಸಿದಂತಾಯಿತು. ಚೆಂಡು ಮುಂದೆ ಹೋಯಿತು, ಪರದೆಯೂ ಹೋಗಿರಬೇಕು. ಕೀರನ್ ಮುಷ್ಟಿ ಊರಿ ಎದ್ದ.

ಆಟ ನಿಂತಾಗ ನೀರು ತೆಗೆದುಕೊಂಡು ಓಡಿದೆ. ನನ್ನನ್ನು ನೋಡಿದ, ಗುರುತು ಹಿಡಿದ. "ನಾವು ಯಾವ ಕಡೆ ಆಡ್ತಿದೀವಿ?" ಎಂದು ಕೇಳಿದ. ಬಿಡುವಿನ ನಂತರ ಕಡೆ ಬದಲಾಗಿರುತ್ತದೆ, ಯಾರಿಗಾದರೂ ಒಂದು ಕ್ಷಣ ಗೊಂದಲವಾಗುವುದೇ. ಕೈ ಮಾಡಿ ತೋರಿಸಿದೆ. "ಆಚೆಯೋನು ಬಂದಿದಾನೆ, ನೋಡ್ತಿದಾನೆ. ಹೇಳ್ಬೇಡ," ಎಂದ.

ಐವತ್ತನೇ ನಿಮಿಷಕ್ಕೆ ಡಾ. ಮಿರ್ ಬೆಂಚಿಗೆ ಬಂದರು. ಲಾಕ್‌ವುಡ್ ಫೇಲು. ಕೂರುತ್ತಲೇ ನನ್ನನ್ನು ಕೇಳಿದರು: "ನಾನಿಲ್ಲದಾಗ ಏನಾದ್ರೂ ಕಂಡಿತಾ?"

ಡೀನ್ ನೋಡುತ್ತಿದ್ದ. ಸ್ಟ್ಯಾನ್ ನೋಡುತ್ತಿದ್ದ.

"ಇಲ್ಲ," ಎಂದೆ.

ಹೇಳಿದರೆ ನಾನು ಒಳಗೆ ಹೋಗುತ್ತಿದ್ದೆ. ಅದಕ್ಕೇ ಹೇಳಲಿಲ್ಲ. ಇಡೀ ಬೇಸಿಗೆಯಲ್ಲಿ ನಾನು ಮಾಡಿದ ಒಂದೇ ಶುದ್ಧವಾದ ಕೆಲಸ ಇದು ಎಂದು ಆ ಕ್ಷಣ ಅನ್ನಿಸಿತು. ಕೋಟಿನ ಗುಂಡಿಗಳನ್ನು ಕುತ್ತಿಗೆಯ ತನಕ ಹಾಕಿಕೊಂಡೆ.

ಎಪ್ಪತ್ತಮೂರನೇ ನಿಮಿಷ. ಕೀರನ್ ಚೆಂಡು ಹಿಡಿದು ಹೋದ. ಒಬ್ಬ ಸಾಧಾರಣ ಆಳು, ಸಾಧಾರಣವಾಗಿ ಕೆಡವಿದ. ನೆಲ ತಾಗುವ ಮೊದಲೇ ಕೀರನ್ನಿಗೆ ಪ್ರಜ್ಞೆ ತಪ್ಪಿತ್ತು. ಒಂದು ಕೈ ಮೇಲಕ್ಕೆ ನೆಟ್ಟಗೆ ನಿಂತಿತ್ತು, ಯಾರನ್ನೋ ತಡೆಯುವಂತೆ. ಒಂಬತ್ತು ನಿಮಿಷ ಆಟ ನಿಂತಿತು. ಸ್ಟ್ರೆಚರ್ ಹೋದ ಮೇಲೆ ಹ್ಯಾನಿಗನ್ ನನ್ನ ಕಡೆ ನೋಡದೆ, "ಗಾರ್ಸಿ, ಹೋಗು," ಎಂದ.

ಏಳು ನಿಮಿಷ ಆಡಿದೆ. ಎರಡು ಸಲ ಚೆಂಡು ಹಿಡಿದೆ, ನಾಲ್ವರನ್ನು ಕೆಡವಿದೆ. ಧ್ವನಿವರ್ಧಕದಲ್ಲಿ ನನ್ನ ಹೆಸರು, ಮುನ್ನೂರು ಎಂಬ ಮಾತು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಒಳ್ಳೆಯ ಜನ. ಅವರಿಗೇನು ಗೊತ್ತು.

ಆಗಸ್ಟ್ ೧೧, ಸೋಮವಾರ

ಆಸ್ಪತ್ರೆಯಲ್ಲಿ ಕೀರನ್ ಎದ್ದು ಕೂತಿದ್ದ. ರಕ್ತಸ್ರಾವ ಇಲ್ಲ. ಪರದೆ ಎಳೆದ ಕೋಣೆ. ಬೆಳಕು ಚುಚ್ಚುತ್ತದಂತೆ. ತಾಯಿ ಚಹ ತರಲು ಹೋದಾಗ ನನ್ನ ಮಣಿಕಟ್ಟು ಹಿಡಿದುಕೊಂಡ.

"ನೀನು ಬಾಯಿ ಬಿಡಲಿಲ್ಲ."

"ಇಲ್ಲ."

"ನಂಗೊತ್ತಿತ್ತು. ಬೇರೆ ಯಾರಾದ್ರೂ ಆಗಿದ್ರೆ ಆ ಮುನ್ನೂರಿಗೋಸ್ಕರ ಆಗಲೇ ಕೂಗ್ತಿದ್ರು. ನೀನು ದೊಡ್ಡ ಮನುಷ್ಯ ಕಣೋ."

ಕಿಟಕಿಯ ಪರದೆ ಸರಿಯಾಗಿ ಮುಚ್ಚಿದೆಯೇ ಎಂದು ನೋಡಲು ಎದ್ದೆ.

ಅವನು ಲೆಕ್ಕ ಹಾಕಿದ್ದಾನೆ. ಒಂದೇ ಪೆಟ್ಟು ಎಂದಾದರೆ ಹನ್ನೆರಡು ದಿನ ಕೂರಿಸಿ, ಪರೀಕ್ಷೆ ಪಾಸಾದರೆ ಬಿಡುತ್ತಾರೆ. ಮೂವತ್ತೊಂದರ ಪಂದ್ಯಕ್ಕೆ ಬೆಟ್ಟದಾಚೆಯವನು ಮತ್ತೆ ಬರುತ್ತಾನೆ. ಒಂದೇ ಪಂದ್ಯದಲ್ಲಿ ಎರಡು ಪೆಟ್ಟು ಎಂದಾದರೆ ಈ ವರ್ಷ ಮುಗಿಯಿತು, ಮುಂದಿನದು ತಜ್ಞರ ಕೈಯಲ್ಲಿ.

"ಮೊದಲನೇದು ನಿಂಗೊಬ್ಬನಿಗೇ ಗೊತ್ತಿರೋದು," ಎಂದ. "ನಂಗೇ ಸರಿಯಾಗಿ ನೆನಪಿಲ್ಲ. ತಲೆ ಒಳಗೆ ಒಂಥರಾ ಜೇನುಹುಳ. ಅಷ್ಟೇ."

ಹೊರಗೆ ಡಾ. ಮಿರ್ ಸಿಕ್ಕರು. ರಾತ್ರಿಯಿಡೀ ನಿದ್ದೆ ಇಲ್ಲದವರ ಮುಖ. "ಆ ಪೆಟ್ಟು ಅಷ್ಟು ಜೋರಾಗಿರಲಿಲ್ಲ. ನೂರು ಸಲ ವಿಡಿಯೊ ನೋಡಿದೆ. ಅಂಥದಕ್ಕೆ ಹೀಗೆ ಬೀಳ್ಬಾರದು," ಎಂದರು.

ನೆಲ ನೋಡಿಕೊಂಡು ಹೌದೆಂದೆ.

ಆಗಸ್ಟ್ ೧೭, ಭಾನುವಾರ

ಪಟ್ಟಿಯಲ್ಲಿ ನನ್ನ ಹೆಸರಿಲ್ಲ. ಹದಿನೆಂಟನೆಯ ಜಾಗದಲ್ಲೂ ಇಲ್ಲ. ಎರಡು ಗಂಟೆಗೆ ಕೋಟು ಹಾಕಿಕೊಂಡು ಹೋದೆ.

ಟ್ರೆವರ್ ಕಂಬಳಿ ಎತ್ತಿದ. "ಬಾಪ್ಪಾ ಬಾ. ಇಲ್ಲಿಗೆ ಬರೋರೆಲ್ಲ ಬೆನ್ನು ನೋವಿನ ಕಥೆ ತರ್ತಾರೆ, ನೀನಾದ್ರೂ ಬಿಸ್ಕತ್ತು ತಂದ್ಯಾ?"

ತಂದಿರಲಿಲ್ಲ. ಅದೇ ನನ್ನ ಮೊದಲ ತಪ್ಪೆಂದು ನಾಲ್ವರೂ ತೀರ್ಮಾನಿಸಿದರು. ಎಷ್ಟು ನಿಮಿಷ ಆಡಿದೆ ಎಂದು ಯಾರೂ ಕೇಳಲಿಲ್ಲ. ಕುರ್ಚಿ ನಾನು ಎಣಿಸಿದ್ದಕ್ಕಿಂತ ಕಿರಿದು, ಭುಜಕ್ಕೆ ಭುಜ ತಾಗುತ್ತದೆ. ಇಷ್ಟು ಹೊತ್ತು ಯಾರ ಭುಜವೂ ನನಗೆ ತಾಗಿಕೊಂಡಿದ್ದು ಆಟದ ಹೊರಗೆ ನೆನಪಿಲ್ಲ.

ವಿಲ್ಫ್ ಸ್ಕೋರ್ ಕೇಳಿದ. ಟ್ರೆವರ್ ಹೇಳಿದ. ಮತ್ತೆ ಕೇಳಿದ. ಮತ್ತೆ ಹೇಳಿದ. ವಿಲ್ಫ್ ಬಿಸಿ ಪೈ ತಿನ್ನುವಾಗ ಕೆಳಗೆ ಚೆಲ್ಲಿದ ಬಟಾಣಿಯನ್ನು ಟ್ರೆವರ್ ತನ್ನ ಕರವಸ್ತ್ರದಲ್ಲಿ ಒರೆಸಿದ.

"ಯಾವಾಗಿಂದ ಹೀಗೆ?" ಎಂದು ಮೆಲ್ಲಗೆ ಕೇಳಿದೆ.

"ಹತ್ತಾರು ವರ್ಷ. ಆದ್ರೆ ಶುರುವಾಗಿದ್ದು ಎಪ್ಪತ್ತನಾಲ್ಕನೇ ಇಸವೀಲಿ ಅಂತ ನಂಗನ್ಸುತ್ತೆ. ಕಪ್ ಪಂದ್ಯ. ಯಾರ್ದೋ ಮಂಡಿ ಬಡೀತು ಇವನ ಕೆನ್ನೆ ಹತ್ರ. ಕಣ್ಣು ಗಾಜಾಗೋಯ್ತು. ಪಕ್ಕದಲ್ಲಿದ್ದೆ, ಗೊತ್ತಾಯ್ತು ನಂಗೆ. ಆಗ ಬದಲಿಗೆ ಇಬ್ಬರೇ ಇದ್ದಿದ್ದು, ಇಬ್ಬರೂ ಒಳಗೆ ಬಂದಾಗಿತ್ತು. ಅರ್ಧ ಗಂಟೆ ಪ್ರತಿ ಸ್ಕ್ರಮ್ಮಿಗೂ ನಾನೇ ಇವನ ಕಂಕುಳಿಗೆ ಕೈ ಕೊಟ್ಟು ನಿಲ್ಲಿಸ್ಕೊಂಡೆ. ಹೊರಗಿನೋರಿಗೆ ಒಬ್ಬನಿಗೂ ಗೊತ್ತಾಗ್ಲಿಲ್ಲ." ಟ್ರೆವರ್ ಬೆನ್ನು ನೆಟ್ಟಗಾಗಿತ್ತು. "ಗೆದ್ವಿ."

"ಗೆದ್ವಿ," ಎಂದ ವಿಲ್ಫ್.

ಆಮೇಲೆ ಅವನು ಸ್ಕೋರ್ ಕೇಳಿದ. ಟ್ರೆವರ್ ಹೇಳಿದ.

ಆಗಸ್ಟ್ ೧೯, ಮಂಗಳವಾರ

ಡಾ. ಮಿರ್ ಕೋಣೆಗೆ ಹೋಗಿ ಬಾಗಿಲು ಹಾಕಿದೆ. ಕೀರನ್ನಿಗೆ ಮೊದಲೂ ಒಂದು ಪೆಟ್ಟು ಬಿದ್ದಿತ್ತು, ನಾನು ನೋಡಿದ್ದೆ ಎಂದೆ.

ಅವರು ಪೆನ್ನು ತೆಗೆದರು. "ಎಷ್ಟನೇ ನಿಮಿಷ?"

"ನಲವತ್ತೊಂದು."

"ಹೇಗೆ ಗೊತ್ತಾಯ್ತು?"

"ಮುಷ್ಟಿ ಊರಿ ಎದ್ದ. ಯಾವ ಕಡೆ ಆಡ್ತಿದೀವಿ ಅಂತ ಕೇಳಿದ."

"ಒಂದು ಸಲ?"

"ಎರಡು."

ಬರೆದುಕೊಂಡರು. "ಆವತ್ತು ನಿಮ್ಮನ್ನ ಕೇಳಿದ್ದೆ ನಾನು."

"ಅವನು ಮೂರನೆಯವನಾಗಿದ್ದ."

"ಅಂದ್ರೆ?"

"ಹೇಳಿದ್ರೆ ನಾನು ಒಳಗೆ ಹೋಗ್ತಿದ್ದೆ. ನನಗೋಸ್ಕರ ಹೇಳಿದ ಹಾಗಾಗ್ತಿತ್ತು."

ಅವರು ಬೈಯಲಿಲ್ಲ. "ನಿಮಗೋಸ್ಕರ ಹೇಳಿದ್ರೂ ಅವನು ಹೊರಗೆ ಬರ್ತಿದ್ದ ಅಲ್ವಾ ಗಾರ್ಸೈಡ್," ಎಂದರು. ಅಷ್ಟೇ. ಒಬ್ಬ ಬುದ್ಧಿವಂತನಲ್ಲದ ವಿದ್ಯಾರ್ಥಿಗೆ ಕೂಡುವುದನ್ನು ಹೇಳಿಕೊಡುವ ಧ್ವನಿ.

ಅಂಗಳದಲ್ಲಿ ಬಂದು ನಿಂತ ಮೇಲೂ ಆ ಲೆಕ್ಕ ಮಾಡುತ್ತಿದ್ದೆ. ಬಹಳ ಸುಲಭದ ಲೆಕ್ಕ.

ಆಗಸ್ಟ್ ೨೨, ಶುಕ್ರವಾರ

ಎಂಟಕ್ಕೆ ಕೀರನ್ ಮನೆ ಮುಂದೆ ಕಾರು ನಿಲ್ಲಿಸಿದೆ. ಬಾಗಿಲು ತೆರೆದವಳು ತಾಯಿ. ಚಪ್ಪಲಿಯಲ್ಲೇ ಕಾರಿನ ತನಕ ಬಂದು, "ಅವನು ಬಸ್ಸಿಗೆ ಹೋದ ಕಣಪ್ಪ," ಎಂದಳು. ಅವನು ಬೆಟ್ಟ ದಾಟುವುದು ಬೇಡವೆಂದು ತಟ್ಟೆ ಕುಕ್ಕಿದವಳು. ಈಗ ಅದು ತಪ್ಪಿದೆ. ಅವಳ ಮುಖದಲ್ಲಿ ಸಂತೋಷ ಇರಲಿಲ್ಲ. ದೊಡ್ಡ ಕ್ಲಬ್ಬಿನವರು ಫೋನು ಮಾಡಿದ್ದರಂತೆ, ಒಳ್ಳೆಯ ಮಾತಾಡಿದರಂತೆ, ಮುಂದಿನ ವರ್ಷ ನೋಡೋಣ ಎಂದರಂತೆ.

ಬಟ್ಟೆ ಬದಲಿಸುವ ಕೋಣೆಯಲ್ಲಿ ಯಾರೂ ಹದ್ದಿನಂತೆ ತೋಳು ಚಾಚಲಿಲ್ಲ. ಅದಾದರೂ ಇದ್ದಿದ್ದರೆ ಎನ್ನಿಸಿತು. ಸ್ಟ್ಯಾನ್ ನನ್ನ ಟವೆಲನ್ನು ಕೈಗೆ ಕೊಡದೆ ಬೆಂಚಿನ ಮೇಲಿಟ್ಟ. "ಊರು ಕೊಳ್ಳೆ ಹೋದ್ಮೇಲೆ ಕೋಟೆ ಬಾಗಿಲು ಹಾಕಿದ್ಯಲ್ಲಯ್ಯಾ," ಎಂದ. ಡೀನ್ ಅಷ್ಟೂ ಹೇಳಲಿಲ್ಲ: "ಹದ್ದಿನ ಹೊಟ್ಟೆ ತುಂಬಿತ್ತಲ್ಲ. ಇನ್ನೇನು."

ಆಗಸ್ಟ್ ೩೧, ಭಾನುವಾರ

ಹೋಗಲಿಲ್ಲ. ರೇಡಿಯೊದಲ್ಲಿ ಕೇಳಿದೆ. ಗೆದ್ದರು, ಕೆಳಗಿನ ದರ್ಜೆಗೆ ಬೀಳುವುದಿಲ್ಲ.

ಸೆಪ್ಟೆಂಬರ್ ೩, ಬುಧವಾರ

ನಿದ್ದೆ ಐದು ಗಂಟೆ. ತೂಕ ನೂರ ಎಂಟು. ನೋವು ಇಲ್ಲ.

ಸೆಪ್ಟೆಂಬರ್ ೧೨, ಶುಕ್ರವಾರ

ನನ್ನ ಕೊನೆಯ ತರಬೇತಿ. ಎಲ್ಲರೂ ಹೊರಗೆ ಹುಲ್ಲಿನ ಮೇಲಿದ್ದರು. ನಾನು ಜಿಮ್ಮಿಗೆ ಹೋದೆ. ಅಲ್ಲಿ ಕೀರನ್ ಒಬ್ಬನೇ, ನಿಂತಲ್ಲೇ ಓಡುವ ಸೈಕಲ್ ಮೇಲೆ. ದಿನಕ್ಕೆ ಇಪ್ಪತ್ತು ನಿಮಿಷ, ನಿಧಾನವಾಗಿ, ಅಷ್ಟಕ್ಕೆ ಮಾತ್ರ ಡಾಕ್ಟರ್ ಒಪ್ಪಿಗೆ. ಟೋಪಿಯನ್ನು ಕಣ್ಣಿನ ತನಕ ಎಳೆದುಕೊಂಡಿದ್ದ. ತಿರುಗಿ ಹೋಗಬಹುದಿತ್ತು. ಪಕ್ಕದ ಸೈಕಲ್ ಹತ್ತಿದೆ.

ಹತ್ತು ನಿಮಿಷ ಇಬ್ಬರ ಸರಪಳಿಗಳ ಸದ್ದು ಮಾತ್ರ. ಅವನದು ನಿಧಾನ, ನನ್ನದು ಅದಕ್ಕಿಂತ ನಿಧಾನವಾಗಲು ಪ್ರಯತ್ನಿಸುತ್ತಿತ್ತು.

"ನಿನ್ನೆ ಅಂಗಡಿಗೆ ಹೋಗಿದ್ದೆ," ಎಂದ, ಮುಂದೆ ನೋಡುತ್ತಲೇ. "ಹಾಲು ತಗೊಂಡೆ. ಹೊರಗೆ ಬಂದು ಮನೆ ಎಡಕ್ಕೋ ಬಲಕ್ಕೋ ಅಂತ ನಿಂತ್ಕೊಂಡೆ. ಹುಟ್ಟಿದ ಬೀದಿ."

ನಾನು ಪೆಡಲ್ ನಿಲ್ಲಿಸಿ ಅವನ ಕಡೆ ತಿರುಗಿದೆ.

"ಅಮ್ಮನಿಗೆ ಹೇಳಿಲ್ಲ. ನಿಂಗೆ ಹೇಳ್ತಿದೀನಿ. ನಿಂಗೆ ಹೇಳಿದ್ರೆ ಡಾಕ್ಟರಿಗೆ ಹೇಳಿದ ಹಾಗೆ, ಅಲ್ವಾ?" ನಕ್ಕನೋ ಇಲ್ಲವೋ ಟೋಪಿಯ ಕೆಳಗೆ ಕಾಣಲಿಲ್ಲ.

"ಆವತ್ತು ನಾನು ಎಷ್ಟು ಸಲ ಕೇಳಿದೆ?" ಎಂದ ಆಮೇಲೆ.

"ಏನು?"

"ಯಾವ ಕಡೆ ಆಡ್ತಿದೀವಿ ಅಂತ. ಹಾಳೇಲಿ ಎರಡು ಅಂತಿದೆ. ಓದಿದೆ."

"ಮೂರು," ಎಂದೆ.

ಅವನ ಸೈಕಲ್ ನಿಲ್ಲಲಿಲ್ಲ.

"ಮೂರನೇ ಸಲ ಏನಂದೆ ನಂಗೆ?"

"ಏನೂ ಅನ್ನಲಿಲ್ಲ. ಭುಜ ಹಿಡಿದು ಆ ಕಡೆ ತಿರುಗಿಸಿದೆ. ಬೆನ್ನ ಮೇಲೆ ತಟ್ಟಿ ಬಿಟ್ಟೆ."

ಇದನ್ನು ಇಲ್ಲೂ ಬರೆದಿರಲಿಲ್ಲ. ಯಾರೂ ನೋಡದ ಪುಸ್ತಕದಲ್ಲೂ.

ಗೋಡೆಯ ಮೇಲಿನ ಗಡಿಯಾರದಲ್ಲಿ ಅವನ ಇಪ್ಪತ್ತು ನಿಮಿಷ ಮುಗಿದಿತ್ತು. ಇಳಿದ. ಸೈಕಲ್ಲಿನ ಹಿಡಿಯನ್ನು ಹಿಡಿದು ಸ್ವಲ್ಪ ಹೊತ್ತು ನಿಂತ, ನೆಲ ಸರಿಯಾಗಿ ನಿಲ್ಲುವ ತನಕ. ನಾನು ಕೈ ಚಾಚಲಿಲ್ಲ.

"ಡಾಕ್ಟರ್ ಐದು ಗಂಟೆ ತನಕ ಇರ್ತಾರೆ," ಎಂದ. "ಹೋಗಿ ಅದನ್ನೂ ಬರೆಸು."

ಸೈಕಲ್ಲಿಂದ ಇಳಿದು ಅವರ ಕೋಣೆಗೆ ಹೋದೆ.